ಬಾಗಿಲಲ್ಲಿ ಉಳಿದ ಎಂಟರ್

ಬಹಳ ಹಿಂದೆ, ಹೊಳೆಗೆ ಇನ್ನೂ ಹೆಸರಿಡದ ಕಾಲದಲ್ಲಿ, ಪರದೆಯ ಹಿಂದೆ ಕೂತು ಬಂದವರನ್ನೆಲ್ಲ ಪ್ರಶ್ನೆ ಕೇಳುವ ರಾಜಕುಮಾರಿಯೊಬ್ಬಳಿದ್ದಳು. ಅವಳು ಮನಸ್ಸಿಟ್ಟ ಹುಡುಗ ಬಂದ ದಿನ, ಅವನಿಗಿಂತ ಮೊದಲು ಬಂದವನ ನೆರಳು ಹೊಸ್ತಿಲಲ್ಲೇ ಉಳಿದಿತ್ತು. ಒಳಗೆ ಬಾ ಅಂದಾಗ ಹುಡುಗನ ಬದಲು ಆ ನೆರಳೇ ಒಳಗೆ ಹೋಯಿತು. ಪ್ರಶ್ನೆಗೆ ಉತ್ತರ ಕೊಡಲು ನೆರಳಿಗೆ ಬಾಯಿಲ್ಲ. ರಾಜಕುಮಾರಿ ಸಿಟ್ಟಿನಿಂದ ಬಾಗಿಲು ಹಾಕಿಸಿದಳು.

"ತಪ್ಪು ಯಾರದವ್ವಾ?" ಎಂದು ಸಿದ್ದಕ್ಕಜ್ಜಿ ಪ್ರತಿ ಸಲ ಈ ಕಥೆ ಮುಗಿಸಿ ಕೇಳುತ್ತಿದ್ದಳು. ಹುಡುಗನದೇ ಅನ್ನುತ್ತಿದ್ದೆ ನಾನು.

೨೦೦೩ರಲ್ಲಿ, ಜಮಖಂಡಿಯ ಕಂಪ್ಯೂಟರ್ ಕ್ಲಾಸಿನಲ್ಲೂ ನನ್ನ ಬುದ್ಧಿ ಹಾಗೇ ಇತ್ತು. ಇಂಗ್ಲಿಷ್ ಪುಸ್ತಕದಲ್ಲಿ ಸ್ಕ್ಯಾನ್‌ಎಫ್ ಎಂಬ ಆದೇಶದ ಬಗ್ಗೆ ಬರೆದದ್ದು ಹೊಸಬರಿಗೆ ತಿಳಿಯುತ್ತಿರಲಿಲ್ಲ. ಕೀಬೋರ್ಡಿನಲ್ಲಿ ಒತ್ತಿದ್ದನ್ನು ಸಿ ಪ್ರೋಗ್ರಾಮ್ ಹೇಗೆ ಓದಿಕೊಳ್ಳುತ್ತದೆಂದು ಕನ್ನಡದಲ್ಲಿ ಬಿಡಿಸಿ ಬರೆದು ಶನಿವಾರ ಕೊಡುತ್ತೇನೆ ಎಂದು ಬಸಗೊಂಡಪ್ಪ ಸರ್‌ಗೆ ಮಾತು ಕೊಟ್ಟಿದ್ದೆ. ಚೆನ್ನಾಗಿ ಬಂದರೆ ಅಲ್ಲಿ ಕಲಿಸುವ ಕೆಲಸ ನನಗೆ. ಇಲ್ಲವಾದರೆ ನನ್ನ ಜೊತೆಗೇ ಕಲಿಯುತ್ತಿದ್ದ ತುಬಚಿ ಊರಿನ ದುಂಡೇಶನಿಗೆ.

ಗುರುವಾರ ನನ್ನ ಹಾಳೆಗಳು ಕಾಣೆಯಾದವು. ಶುಕ್ರವಾರ ದುಂಡೇಶನ ಚೀಲದಿಂದ ಹೊರಬಂದವು. ಮಧ್ಯಾಹ್ನದ ಬ್ಯಾಚಿನಲ್ಲಿರುವ ತಂಗಿ ಶೈಲಾಗೆ ತಿಳಿಯುತ್ತದೋ ನೋಡಲು ಕೊಟ್ಟಿದ್ದೆ ಎಂದ. ಕೇಳದೆ ಒಯ್ದದ್ದಕ್ಕೆ ಕಿವಿ ಹಿಡಿದುಕೊಂಡ. ನಾನು ನಂಬಲಿಲ್ಲ. ಅಷ್ಟು ನೆಟ್ಟಗೆ ನೋಡುವ ಕಣ್ಣನ್ನು ನಂಬದಿರುವುದು ಸುಲಭವಿರಲಿಲ್ಲ. ಅದಕ್ಕೇ ಅನುಮಾನ ಇನ್ನೂ ಹೆಚ್ಚಾಯಿತು.

ಶನಿವಾರ ಬೆಳಗ್ಗೆ ನನ್ನ ಕಂಪ್ಯೂಟರಿನ ನೀಲಿ ಪರದೆಯ ಮೇಲೆ ಅವನು ಬರೆದ ಪ್ರೋಗ್ರಾಮ್ ಕಾದಿತ್ತು.

"ಓಡಿಸಿ ನೋಡ್ರಿ," ಎಂದು ಕಿಟಕಿಯ ಕಡೆ ತಿರುಗಿ ನಿಂತ. ಕಿವಿಯ ತುದಿ ಕೆಂಪಾಗಿತ್ತು.

ಇಂಗ್ಲಿಷ್ ಅಕ್ಷರದಲ್ಲಿ ನಮ್ಮ ಕನ್ನಡ. ವಯಸ್ಸೆಷ್ಟು? ಎಂದು ಪರದೆ ಕೇಳಿತು. ಇಪ್ಪತ್ತೊಂದು ಎಂದು ಒತ್ತಿ ಎಂಟರ್ ಹೊಡೆದೆ. ನನ್ನ ನಂಬತೀರಿ? ಹೌದಾದರೆ y, ಇಲ್ಲವಾದರೆ n. ನಾನು ಬೆರಳೆತ್ತುವ ಮೊದಲೇ ಕೆಳಗೆ ಸಾಲು ಮೂಡಿತು: ನಂಬೂದಿಲ್ಲಂತ ಗೊತ್ತಿತ್ತು.

"ನನ್ನ ಉತ್ತರಾನೂ ನೀವ ಬರ್ಕೊಂಡ್ರಿ," ಅಂದೆ. "ಹಾಳಿ ಒಯ್ದಾಂವಗ ಇದೇನ್ ದೊಡ್ಡದು?"

ಅವನ ಮುಖ ಸಪ್ಪಗಾಯಿತು. "ನಾ ಏನೂ ಮಾಡಿಲ್ರಿ, ಖರೇ. ಓಡಿಸಿ ನೋಡಾಕ ನನಗ ಧೈರ್ಯ ಆಗಲಿಲ್ಲ."

ನನ್ನ ಹಾಳೆಗಳನ್ನು ಮಡಚಿ ಎದ್ದೆ. ಅಂಚಿನಲ್ಲಿ ಪೆನ್ಸಿಲಿನ ಗುಂಡಕ್ಷರ ಕಂಡಿತು: 'ಅಕ್ಕಾ, ನೀವು ಬರೆದಂಗ ಮಾಡಿದೆ. ಅಂಕಿ ತಗೊಂತೈತಿ, ಅಕ್ಷರಕ್ಕ ನಿಲ್ಲವಲ್ದು. ಶೈಲಾ.'

ಹಾಗಾದರೆ ತಂಗಿಗೆ ಕೊಟ್ಟದ್ದು ನಿಜ. ತಪ್ಪು ನನ್ನ ಹಾಳೆಯದು. ಅದನ್ನು ನಂಬಿ ಅವನು ಪ್ರೋಗ್ರಾಮ್ ಬರೆದಿದ್ದ.

ಮತ್ತೆ ಕೂತು ಸಾಲು ಸಾಲಾಗಿ ನೋಡಿದೆ. ಮೊದಲ ಸ್ಕ್ಯಾನ್‌ಎಫ್ ಅಂಕಿಯನ್ನಷ್ಟೇ ಒಳಗೆ ಕರೆದುಕೊಂಡಿತ್ತು. ಅಂಕಿಯ ಬೆನ್ನಿಗೆ ಒತ್ತಿದ ಎಂಟರ್ ಹೊರಗೇ ಉಳಿದಿತ್ತು. ಆಮೇಲೆ ಎರಡನೇ ಸ್ಕ್ಯಾನ್‌ಎಫ್‌ನ %c ಒಂದು ಅಕ್ಷರವನ್ನು ಕರೆದಾಗ ಒಳಗೆ ಹೋದದ್ದು ಅದೇ. y ಅಲ್ಲದ್ದೆಲ್ಲ ಪ್ರೋಗ್ರಾಮಿಗೆ ಇಲ್ಲ ಎಂದೇ ಲೆಕ್ಕ. ಅಜ್ಜಿಯ ಕಥೆಯ ನೆರಳು.

%cಗೆ ಮೊದಲು ಒಂದು ಖಾಲಿ ಜಾಗ ಬಿಟ್ಟು ಮತ್ತೆ ಓಡಿಸಿದೆ. ವಯಸ್ಸು ಒತ್ತಿದೆ. ಎರಡನೇ ಪ್ರಶ್ನೆ ಬಂತು. ಕರ್ಸರ್ ಮಿನುಗುತ್ತ ನಿಂತಿತು.

"ದುಂಡೇಶ, ಬರ್ರಿ ಇಲ್ಲೆ."

ಅವನು ಬಗ್ಗಿದ. ಅಂಗಿಯಿಂದ ಹಸಿ ಕಬ್ಬಿನ ವಾಸನೆ. "ಈಗ ನಿಂತೈತಿ," ಎಂದ, ಮೆಲ್ಲಗೆ.

"ಹೂಂ. ಈಗ ನನ್ನ ಕೇಳಾಕತ್ತೈತಿ."

ಕೂಡಲೇ ಒತ್ತಲಿಲ್ಲ. ಮೊದಲು ಹಾಳೆಯ ಕೊನೆಗೆ ಬರೆದೆ: 'ಹಿಂದಿನ ಎಂಟರ್ ಬಾಗಿಲಲ್ಲೇ ನಿಂತಿರುತ್ತದೆ. ಅದನ್ನು ದಾಟಿಸಲು %cಗೆ ಮೊದಲು ಒಂದು ಖಾಲಿ ಜಾಗ ಬಿಡಿ.' ಕೆಳಗೆ ನನ್ನ ಹೆಸರು, ಶೈಲಾಳ ಹೆಸರು, ಅವನ ಹೆಸರು.

"ನನ್ನ ಹೆಸರ್ಯಾಕ್ರಿ?"

"ಕಳ್ಳಂದೂ ಇರಲಿ."

ಆಮೇಲೆ y ಒತ್ತಿ ಎಂಟರ್ ಹೊಡೆದೆ. ಪರದೆ ಏನು ಹೇಳಿತೋ ಅವನೇ ಓದಿಕೊಳ್ಳಲೆಂದು ಎದ್ದು ಹೋಗಿ, ಬಸಗೊಂಡಪ್ಪ ಸರ್ ಮೇಜಿನ ಮೇಲೆ ಹಾಳೆ ಇಟ್ಟೆ.