ಹಲ್ಲುಗುರುತಿಲ್ಲದ ಬನ್ನು

ಬಲು ಹಿಂದೆ, ನಮ್ಮ ಅಜ್ಜಿಯ ಅಜ್ಜಿಗೂ ಹಾಲುಹಲ್ಲು ಮೂಡದಿದ್ದ ಕಾಲದಲ್ಲಿ, ಏಳು ಬೆಟ್ಟಗಳ ಆಚೆ ಕಣಕಾವತಿ ಎಂಬ ರಾಜ್ಯವಿತ್ತು. ಅಲ್ಲಿ ಮನೆಗೊಂದು ಭಟ್ಟಿ, ಭಟ್ಟಿಗೊಂದು ಹೊಗೆಗೂಡು. ಬೆಳಗಾದರೆ ಊರೆಲ್ಲ ಬನ್ನಿನ ವಾಸನೆ. ಶುಭಕಾರ್ಯಕ್ಕೆ ಅಲ್ಲಿಯವರು ಕರೆಯೋಲೆ ಬರೆಯುತ್ತಿರಲಿಲ್ಲ. ಅಂಗೈಯಗಲದ ಕಾಗದದ ಬನ್ನು, ಕಾಗದದ ಬಿಸ್ಕತ್ತು, ಮೂರಂತಸ್ತಿನ ಕಾಗದದ ಕೇಕು ಮಾಡಿ ಕಳಿಸುತ್ತಿದ್ದರು. ಬನ್ನು ಬಂದರೆ ನಾಮಕರಣ, ಬಿಸ್ಕತ್ತು ಬಂದರೆ ಗೃಹಪ್ರವೇಶ, ಕೇಕು ಬಂದರೆ ಮದುವೆ. ಓದು ಬಾರದವರಿಗೂ ಅದು ತಿಳಿಯುತ್ತಿತ್ತು.

ಇವನ್ನೆಲ್ಲ ಮಾಡುತ್ತಿದ್ದವರು ಅಚ್ಚಿನಕೇರಿಯವರು. ಮರದ ಅಚ್ಚಿಗೆ ಮಸಿ ಸವರಿ ಕಾಗದದ ಮೇಲೆ ಒತ್ತಿದರೆ ಎಳ್ಳು, ದ್ರಾಕ್ಷಿ, ಸಕ್ಕರೆಯ ಹರಳು ಮೂಡುತ್ತಿದ್ದವು. ಅದರ ಮೇಲೆ ಚೂಪು ಅಂಚಿನ ಕಬ್ಬಿಣದ ಅಚ್ಚನ್ನಿಟ್ಟು ಅದುಮಿದರೆ ಬನ್ನಿನ ಆಕಾರ ಕತ್ತರಿಸಿ ಬೀಳುತ್ತಿತ್ತು. ಮೈದಾ ಅಂಟು ಹಚ್ಚಿ ಪದರದ ಮೇಲೆ ಪದರ ಕೂರಿಸಿ, ಕಾಚಿನ ನೀರಿನಿಂದ ಹೊಂಬಣ್ಣ ಬಳಿದರೆ ಈಗ ತಾನೆ ಬೆಂದ ಹಾಗೆ ಕಾಣುತ್ತಿತ್ತು. ಕೊನೆಯಲ್ಲಿ ಒಂದು ಕೆಲಸವಿತ್ತು. ಮಾಡಿದವರು ಅದರ ಅಂಚನ್ನು ತಮ್ಮ ಹಲ್ಲಿನಿಂದ ಒಮ್ಮೆ ಕಚ್ಚಬೇಕು. ಕಚ್ಚದೆ ಹೊಸಿಲು ದಾಟಿಸುವಂತಿಲ್ಲ. ಯಾಕೆ ಅಂದರೆ ಯಾರಿಗೂ ಗೊತ್ತಿರಲಿಲ್ಲ. ಹಿರಿಯರು ಕಚ್ಚುತ್ತಿದ್ದರು, ಇವರೂ ಕಚ್ಚುತ್ತಿದ್ದರು. ಹಲ್ಲಿನ ಗುರುತು ನೋಡಿಯೇ ಇದು ಯಾರ ಮನೆಯ ಕೆಲಸ ಎಂದು ಊರವರು ಹೇಳಿಬಿಡುತ್ತಿದ್ದರು.

ಆ ಕೇರಿಯ ಕೊನೆಯ ಮನೆಯಲ್ಲಿ ತಿಮ್ಮಾಜಿ ಎಂಬ ಹುಡುಗಿಯೂ ಅವಳ ಅಕ್ಕ ಪಾರಕ್ಕನೂ ಇದ್ದರು. ತಿಮ್ಮಾಜಿಯ ಮುಂದಿನ ಎರಡು ಹಲ್ಲುಗಳ ನಡುವೆ ಸಂದಿ. ಅವಳು ಕಚ್ಚಿದ ಕಡೆ ನಡುವೆ ಕಾಗದದ ಒಂದು ಸಣ್ಣ ನಾಲಗೆ ಉಳಿಯುತ್ತಿತ್ತು. ಹಲ್ಲಿಗಿಂತ ಅವಳ ಅನುಮಾನವೇ ಊರಿಗೆ ಹೆಚ್ಚು ಪರಿಚಯ. ಹಾಲಿನವಳು ಬಂದರೆ ಹಸುವನ್ನೂ ಕರೆದುಕೊಂಡು ಬಾ ಅನ್ನುವಳು. ಬಾವಿಯ ನೀರಿಗೆ ಕಲ್ಲು ಹಾಕಿ ಸದ್ದು ಕೇಳಿಯೇ ಕೊಡ ಇಳಿಸುವಳು. ತಾಯಿ ತೀರಿದಾಗ ಅವಳಿಗೆ ಮೂರು ವರ್ಷ, ಪಾರಕ್ಕನಿಗೆ ಹನ್ನೊಂದು. ಯಾರು ಏನು ಕೊಟ್ಟರೂ ಮಗು ಬಾಯಿ ಬಿಡುತ್ತಿರಲಿಲ್ಲ. ಆಗ ಪಾರಕ್ಕ ಒಂದು ಚೂರು ತಾನು ಕಚ್ಚಿ, ನೋಡು, ನನಗೇನೂ ಆಗಲಿಲ್ಲ ಎಂದು ಉಳಿದದ್ದನ್ನು ಚಾಚುವಳು. ಅದನ್ನು ಮಾತ್ರ ತಿಮ್ಮಾಜಿ ತಿನ್ನುತ್ತಿದ್ದಳು. ತಂಗಿಗೆ ಇಪ್ಪತ್ತು ತುಂಬಿದರೂ ಆ ಅಭ್ಯಾಸ ಇಬ್ಬರಿಗೂ ಹೋಗಿರಲಿಲ್ಲ.

ಒಂದು ಮಧ್ಯಾಹ್ನ ಬಿಳಿ ಕುದುರೆಯ ಮೇಲೆ ಒಬ್ಬ ಬಂದ. ಹೆಸರು ಪತ್ರಯ್ಯ. ಉಟ್ಟ ಬಟ್ಟೆಯಲ್ಲಿ ಒಂದು ಸುಕ್ಕಿಲ್ಲ, ಹಣೆಯಲ್ಲಿ ಒಂದು ಹನಿ ಬೆವರಿಲ್ಲ. ಕಂಡಕಂಡವರಿಗೆಲ್ಲ ಕೈಮುಗಿದ. ಹೊರಡುವಾಗಲೂ ಯಾರಿಗೂ ಬೆನ್ನು ತೋರಿಸದೆ ಹಿಂದೆ ಹಿಂದೆ ಹೆಜ್ಜೆಯಿಟ್ಟು ಹೋದ. ಎಂಥ ಮರ್ಯಾದಸ್ಥ ಎಂದು ಊರು ಕೊಂಡಾಡಿತು. ಅತಿ ವಿನಯಂ ಧೂರ್ತ ಲಕ್ಷಣಂ ಎಂದು ತಿಮ್ಮಾಜಿ ಗೊಣಗಿದಳು.

ಪತ್ರಯ್ಯ ನೇರ ಅರಮನೆಗೆ ಹೋದ. ಮಂಡಿಗೇರಾಯನೆಂಬ ಅಲ್ಲಿಯ ರಾಜನಿಗೆ ತಿನ್ನುವುದೆಂದರೆ ಪ್ರಾಣ. ಹಿಟ್ಟು ಹುದುಗು ಬಂದು ಉಬ್ಬುವವರೆಗೆ ಕಾಯುವುದೆಂದರೆ ಪ್ರಾಣಸಂಕಟ. ಪತ್ರಯ್ಯ ರೇಷ್ಮೆಯ ಗಂಟು ಬಿಚ್ಚಿ ಮೂರು ಹೊಸ ಅಚ್ಚು ತೆಗೆದ. ಒಂದು ಬನ್ನಿಗೆ, ಒಂದು ಬಿಸ್ಕತ್ತಿಗೆ, ಒಂದು ಕೇಕಿಗೆ. ಕಾಗದದಲ್ಲಿ ಒಂದು ಬನ್ನು ಕತ್ತರಿಸಿ, ಬೆಂಕಿಯೇ ಇಲ್ಲದ ಭಟ್ಟಿಯೊಳಗಿಟ್ಟು, ಬಾಗಿಲು ಮುಚ್ಚಿ ತೆರೆದ. ಹಬೆಯಾಡುವ ನಿಜವಾದ ಬನ್ನು ಹೊರಗೆ ಬಂತು. ರಾಜ ತಿಂದು ಕಣ್ಣುಮುಚ್ಚಿ ಮತ್ತೊಂದು ಕೇಳಿದ.

"ಮಹಾಪ್ರಭು, ನನ್ನದು ಒಂದೇ ಕೋರಿಕೆ," ಎಂದ ಪತ್ರಯ್ಯ. "ಇನ್ನು ಮುಂದೆ ಕಾಗದವನ್ನು ಯಾರೂ ಕಚ್ಚಬಾರದು. ಮದುವೆಮನೆಗೆ ಎಂಜಲು ಕಳಿಸುವ ರಾಜ್ಯ ಎಂದು ನೆರೆಹೊರೆಯವರು ನಗುತ್ತಿದ್ದಾರೆ."

ರಾಜನಿಗೆ ಅವಮಾನವಾಯಿತು. ಅಂದೇ ಡಂಗುರ ಸಾರಿಸಿದ. ಕಾಗದ ಕಚ್ಚಿದವರ ಹಲ್ಲು ಕೀಳಿಸಲಾಗುವುದು ಎಂದು. ಹೊಸ ಅಚ್ಚುಗಳು ಮನೆಮನೆಗೂ ಹಂಚಿಕೆಯಾದವು. ಹಿಟ್ಟು ನಾದುವ ಕೈಗಳಿಗೆ ಬಿಡುವು ಸಿಕ್ಕಿತು, ಭಟ್ಟಿಗಳು ಒಂದೊಂದಾಗಿ ಆರಿದವು. ತಿಮ್ಮಾಜಿ ಮಾತ್ರ ತನ್ನ ಭಟ್ಟಿಗೆ ಸೌದೆ ಹಾಕುವುದನ್ನು ಬಿಡಲಿಲ್ಲ. ಬೆಂಕಿ ಇಲ್ಲದೆ ಬೆಂದದ್ದನ್ನು ನಂಬುವುದು ಹೇಗೆ ಎಂದು ಅವಳ ವಾದ.

ಪಾರಕ್ಕ ಹೊಸ ಅಚ್ಚಿನಿಂದಾದ ಬಿಸಿ ಬನ್ನು ತಂದು, ಎಂದಿನ ಹಾಗೆ ತಾನು ಒಂದು ಚೂರು ಕಚ್ಚಿ ತಂಗಿಯ ಮುಂದೆ ಹಿಡಿದಳು. ತಿಮ್ಮಾಜಿ ಬಾಯಿ ಬಿಗಿಹಿಡಿದು ತಲೆಯಾಡಿಸಿದಳು. ಪಾರಕ್ಕನ ಮುಖ ಬಾಡಿತು.

"ನಾನು ಕಚ್ಚಿ ಕೊಟ್ಟದ್ದನ್ನೂ ಅನುಮಾನ ಪಡ್ತೀಯಾ?"

ಪಾರಕ್ಕ ಜಗಲಿಗೆ ಹೋಗಿ ಉಳಿದದ್ದನ್ನು ಒಬ್ಬಳೇ ತಿಂದಳು. ಅಂದಿನಿಂದ ದಿನವೂ ಅದನ್ನೇ ತಿಂದಳು, ತಂಗಿಗೆ ಕಾಣುವ ಹಾಗೆ ಕೂತು.

ತಿಮ್ಮಾಜಿ ಪತ್ರಯ್ಯನ ಮೇಲೆ ಕಣ್ಣಿಟ್ಟಳು. ಮೊದಲನೆಯದಾಗಿ ಅವನ ಕುದುರೆ. ಮೂರು ದಿನ ಚಾವಡಿಯ ಮುಂದೆ ಕಟ್ಟಿದ್ದರೂ ಅದು ಒಂದು ಎಸಳು ಹುಲ್ಲು ತಿನ್ನಲಿಲ್ಲ, ಒಂದು ಉಂಡೆ ಲದ್ದಿ ಹಾಕಲಿಲ್ಲ. ತಿಮ್ಮಾಜಿ ಕೇರಿಯವರನ್ನು ಸೇರಿಸಿ ಇದನ್ನು ಹೇಳಿದಳು. ಅರಮನೆಗೆ ಬಂದ ಕುದುರೆಗೆ ನಾಚಿಕೆ ಇರುತ್ತದೆ ಎಂದರು ಅವರು. "ಅನುಮಾನಕ್ಕೆ ಮದ್ದಿಲ್ಲ ಕಣೇ ತಿಮ್ಮಾಜಿ," ಎಂದು ಬನ್ನು ಮುರಿದು ಬಾಯಿಗೆ ಹಾಕಿಕೊಂಡರು.

ಎರಡನೆಯದಾಗಿ ಅವಳು ಹೊಸಿಲಿನ ಮುಂದೆ ಮೈದಾ ಹಿಟ್ಟು ಉದುರಿಸಿದಳು. ಅಚ್ಚು ಸರಿಯಿದೆಯೇ ಎಂದು ವಿಚಾರಿಸಲು ಪತ್ರಯ್ಯ ಬಂದ, ಹಿಟ್ಟಿನ ಮೇಲೆ ನಡೆದ, ಹೋದ. ಹಿಟ್ಟು ಉದುರಿಸಿದ ಹಾಗೆಯೇ ಇತ್ತು. ತಿಮ್ಮಾಜಿ ಕೇರಿಯವರನ್ನು ಕರೆದು ತೋರಿಸಿದಳು. ದೊಡ್ಡವರ ನಡಿಗೆ ಹಗುರ ಎಂದರು ಅವರು. "ಅನುಮಾನಕ್ಕೆ ಮದ್ದಿಲ್ಲ ಕಣೇ ತಿಮ್ಮಾಜಿ," ಎಂದು ಬನ್ನು ಮುರಿದು ಬಾಯಿಗೆ ಹಾಕಿಕೊಂಡರು.

ಮೂರನೆಯದಾಗಿ ಅವಳು ಪತ್ರಯ್ಯನಿಗೆ ಉರಿಯುವ ಭಟ್ಟಿಯ ಪಕ್ಕದಲ್ಲೇ ಮಣೆ ಹಾಕಿದಳು. ಅವನು ಮಣೆಯನ್ನು ನೋಡಿದ, ಭಟ್ಟಿಯನ್ನು ನೋಡಿದ, ನಗುತ್ತಲೇ ಬಾಗಿಲವರೆಗೂ ಹಿಂದೆ ಸರಿದ. ಹೊರಗೆ ಹೋಗುವಾಗ ಕಂಬವನ್ನು ಬಿಗಿಯಾಗಿ ಹಿಡಿದುಕೊಂಡಿದ್ದ. ತಿಮ್ಮಾಜಿ ಇದನ್ನೂ ಹೇಳಿದಳು. ಅನುಮಾನಕ್ಕೆ ಮದ್ದಿಲ್ಲ ಎಂದು ಈ ಸಲವೂ ಅಂದರು, ಆದರೆ ಎಲ್ಲರ ದನಿ ತೆಳ್ಳಗಾಗಿತ್ತು. ಅವರು ನಡೆದರೆ ಸದ್ದಾಗುತ್ತಿರಲಿಲ್ಲ.

ಪಾರಕ್ಕನ ಕೈಯಿಂದ ಬಳೆಗಳು ತಾವಾಗಿ ಜಾರಿ ಬೀಳತೊಡಗಿದವು. ಗಾಳಿ ಬಂದರೆ ಅವಳು ಜಗಲಿಯಿಂದ ಅಂಗಳಕ್ಕೆ ಸರಿಯುತ್ತಿದ್ದಳು. ತಿಮ್ಮಾಜಿ ರಾಗಿಮುದ್ದೆ ಮಾಡಿ ಮುಂದಿಟ್ಟು ಬೇಡಿಕೊಂಡಳು. ಹೊಟ್ಟೆ ತುಂಬಿದೆ ಕಣೇ ಎಂದು ಅಕ್ಕ ನಕ್ಕಳು. ಅವಳು ಹಾರಿಹೋಗದಿರಲೆಂದು ತಿಮ್ಮಾಜಿ ಗುಂಡುಕಲ್ಲನ್ನು ಅವಳ ಮಡಿಲಿಗೆ ಹಾಕಿ ನೀರಿಗೆ ಹೋದಳು. ಬರುವಷ್ಟರಲ್ಲಿ ಕಲ್ಲು ಉರುಳಿ ಬಿದ್ದಿತ್ತು. ಜಗಲಿಯ ಮೇಲೆ ಗೇಣುದ್ದದ ಕಾಗದದ ಪಾರಕ್ಕ ಇದ್ದಳು. ಸೀರೆಯ ಚೌಕಳಿಯೆಲ್ಲ ಅಚ್ಚೊತ್ತಿದ ಗೆರೆ. ಬಾಯಿ ಏನೋ ಹೇಳಲು ಹೊರಟ ಹಾಗೆ ತೆರೆದಿತ್ತು.

ತಿಮ್ಮಾಜಿ ಕೊಡ ಕೆಳಗಿಟ್ಟು ಅಲ್ಲೇ ಕುಸಿದು ಅತ್ತಳು. ತಾನು ಆ ಮೊದಲ ಚೂರನ್ನು ತಿಂದಿದ್ದರೆ ಅಕ್ಕ ಹಟಕ್ಕೆ ಬಿದ್ದು ತಿನ್ನುತ್ತಿರಲಿಲ್ಲವೇನೋ ಎಂದು ಎದೆ ಬಡಿದುಕೊಂಡಳು. ಅಷ್ಟರಲ್ಲಿ ಕೇರಿಯ ಆ ತುದಿಯಲ್ಲಿ ಪತ್ರಯ್ಯ ಕಾಣಿಸಿದ. ಕೈಯಲ್ಲಿ ಗಂಧದ ಪೆಟ್ಟಿಗೆ. ಜಗಲಿ ಜಗಲಿಯಲ್ಲೂ ಬಿದ್ದಿದ್ದ ಕಾಗದದ ಜನರನ್ನು ಎರಡು ಬೆರಳಲ್ಲಿ ಎತ್ತಿ ಎತ್ತಿ ಪೆಟ್ಟಿಗೆಗೆ ಹಾಕುತ್ತಿದ್ದ. ರಾಜ ಆಗಲೇ ಪೆಟ್ಟಿಗೆಯ ತಳ ಸೇರಿದ್ದ. ತಿಮ್ಮಾಜಿ ಅಕ್ಕನನ್ನು ಮಡಿಲಲ್ಲಿ ಮುಚ್ಚಿಕೊಂಡು ಹಿತ್ತಲಿಂದ ಓಡಿದಳು.

ಅವಳಿಗೆ ಇನ್ನೊಂದು ಅನುಮಾನವಿತ್ತು. ಕೇರಿಯ ಹಿರಿಯ ಸಿದ್ದಜ್ಜ, ಎಲ್ಲರಿಗೂ ಕಚ್ಚುವುದನ್ನು ಕಲಿಸಿದವನು, ಪತ್ರಯ್ಯ ಬಂದ ದಿನದಿಂದ ಹೊಟ್ಟೆನೋವೆಂದು ಬಾಗಿಲು ಹಾಕಿಕೊಂಡಿದ್ದ. ತಿಮ್ಮಾಜಿ ಒಳಗೆ ನುಗ್ಗಿ ಅಕ್ಕನನ್ನು ಅವನ ಕೈಯಲ್ಲಿಟ್ಟಳು. ನಿಜ ಹೇಳು ಅಜ್ಜ ಎಂದಳು. ಬಾಯಲ್ಲಿ ಒಂದೇ ಒಂದು ಹಲ್ಲು ಉಳಿದಿದ್ದ ಆ ಮುದುಕ ಗಳಗಳನೆ ಅತ್ತ.

"ಆ ಪತ್ರಯ್ಯನ ಮೂಗು ಕೊರೆದದ್ದು ನಾನೇ ಕಣವ್ವ. ಅರವತ್ತು ವರ್ಷದ ಹಿಂದೆ, ಅರಮನೆ ಮದುವೆಯ ಕೇಕಿನ ಮೇಲೆ ನಿಲ್ಲಿಸೋಕೆ ಒಬ್ಬ ಕಾಗದದ ಮದುಮಗನ್ನ ಮಾಡಿದ್ದೆ. ಅಷ್ಟು ಚೆನ್ನಾಗಿ ಬಂದಿದ್ದ. ಕಚ್ಚಿ ಕೆಡಿಸೋಕೆ ಮನಸ್ಸು ಬರಲಿಲ್ಲ. ಬೆಳಗ್ಗೆ ನೋಡಿದರೆ ಕಿಟಕಿ ತೆಗೆದಿತ್ತು, ಅವನಿರಲಿಲ್ಲ. ಎಂಜಲಾದ ಕಾಗದದೊಳಗೆ ಮಾಯೆ ಕಾಲಿಡಲ್ಲ, ಹೊಕ್ಕಿದ್ದರೂ ಬಿಟ್ಟು ಹೋಗುತ್ತೆ ಅಂತ ಹಿರೀಕರಿಗೆ ಗೊತ್ತಿತ್ತು. ನನಗೆ ಅವತ್ತು ಗೊತ್ತಾಯ್ತು. ನಾಚಿಕೆಗೆ ಯಾರಿಗೂ ಹೇಳಲಿಲ್ಲ."

ಬೈಯಲು ಹೊತ್ತಿರಲಿಲ್ಲ. ತಿಮ್ಮಾಜಿ ಅಜ್ಜನ ಕೈಹಿಡಿದು ಮನೆಗೆ ಕರೆತಂದು ಭಟ್ಟಿಯ ಹಿಂದೆ ಕೂರಿಸಿದಳು. ಉರಿಯುವ ಭಟ್ಟಿಗೆ ಒಣಸೌದೆ ತುಂಬಿ ಅದರ ಬಾಗಿಲು ಮುಚ್ಚಿದಳು. ಅಕ್ಕನನ್ನು ಭಟ್ಟಿಯ ಎದುರಿಗೆ ನಡುಮನೆಯ ಮಣೆಯ ಮೇಲೆ ಮಲಗಿಸಿ, ಹಾರದಂತೆ ಕಬ್ಬಿಣದ ಅಚ್ಚು ಹೇರಿದಳು. ಚೂಪು ಅಂಚು ತಾಗದಂತೆ ಅದನ್ನು ಮಗುಚಿ ಇಟ್ಟಳು. ಆಮೇಲೆ ಜಗಲಿಗೆ ಬಂದು, ಸ್ವಾಮಿ, ನಮ್ಮಕ್ಕನನ್ನು ಬಿಟ್ಟು ಹೋಗುತ್ತಿದ್ದೀರಿ ಎಂದು ಕೂಗಿದಳು.

ಪತ್ರಯ್ಯ ನಗುತ್ತಾ ಬಂದ. "ಒಬ್ಬರನ್ನೂ ಬಿಡುವುದಿಲ್ಲ ತಾಯಿ. ನನಗೂ ನನ್ನಂಥ ಪ್ರಜೆಗಳು ಬೇಕಲ್ಲ. ಇವರಿಗೆ ಹಸಿವಿಲ್ಲ, ಮುಪ್ಪಿಲ್ಲ, ಎದುರು ಮಾತಿಲ್ಲ. ನೀನೂ ಒಂದು ಬನ್ನು ತಿನ್ನು."

ಅವನು ಪೆಟ್ಟಿಗೆಯನ್ನು ನೆಲಕ್ಕಿಟ್ಟು ಪಾರಕ್ಕನ ಕಡೆ ಬಾಗಿದ. ತಿಮ್ಮಾಜಿ ಭಟ್ಟಿಯ ಬಾಗಿಲನ್ನು ಪೂರ್ತಿ ತೆರೆದಳು. ಕಾದ ಗಾಳಿ ಭುಗಿಲೆಂದು ಹೊರಗೆ ನುಗ್ಗಿತು. ಪತ್ರಯ್ಯನ ಕಾಲು ನೆಲ ಬಿಟ್ಟಿತು. ಅವನು ತಿರುತಿರುಗಿ ತೊಲೆಯವರೆಗೂ ಎದ್ದ, ಆಗ ಅವನ ಬೆನ್ನು ಕಂಡಿತು. ಬೆನ್ನೇ ಇರಲಿಲ್ಲ, ಬರೀ ಬಿಳಿ ಕಾಗದ, ಅಲ್ಲಲ್ಲಿ ಒಸರಿದ ಮಸಿ. ಹೊರಗೆ ಕುದುರೆಯೂ ಗಾಳಿಪಟದಂತೆ ಸೂರು ದಾಟಿ ಹೋಯಿತು. ತಿಮ್ಮಾಜಿ ಬನ್ನು ತೆಗೆಯುವ ಉದ್ದ ಹಲಗೆಯನ್ನು ಎತ್ತಿ ಅವನನ್ನು ಗೋಡೆಗೆ ಒತ್ತಿ ಹಿಡಿದಳು. ಅಜ್ಜ ಎಂದು ಕರೆದಳು.

ಸಿದ್ದಜ್ಜ ತಡವರಿಸುತ್ತಾ ಹತ್ತಿರ ಬಂದ. ಪತ್ರಯ್ಯನ ನಗು ಹೋಗಿತ್ತು.

"ಅಪ್ಪಾ, ಕಚ್ಚಬೇಡ. ನಿನ್ನ ಕೈಯಲ್ಲಿ ನನ್ನಂಥದ್ದು ಇನ್ನೊಂದು ಆಗಲಿಲ್ಲ."

"ಆಗಲಿಲ್ಲ ಮಗಾ," ಎಂದ ಸಿದ್ದಜ್ಜ. "ತಪ್ಪು ನಿನ್ನದಲ್ಲ, ನನ್ನದು."

ಹಾಗೆಂದು ತನ್ನ ಒಂಟಿ ಹಲ್ಲಿನಿಂದ ಅವನ ಅಂಚನ್ನು ಕಚ್ಚಿದ. ಪತ್ರಯ್ಯ ಕುಗ್ಗಿ ಕುಗ್ಗಿ ಬೆರಳುದ್ದದ ಮದುಮಗನಾಗಿ ನೆಲಕ್ಕೆ ಬಿದ್ದ. ಅಂಗಿಯ ತುದಿಯಲ್ಲಿ ಒಂದು ತೂತು. ಮುದುಕ ಅದನ್ನು ಎತ್ತಿ ಕಣ್ಣಿಗೊತ್ತಿಕೊಂಡ.

ಆದರೆ ಪೆಟ್ಟಿಗೆಯೊಳಗಿನವರು ಚಿತ್ರಗಳಾಗಿಯೇ ಉಳಿದರು. ಪಾರಕ್ಕನೂ ಅಲುಗಲಿಲ್ಲ. ಏನು ಮಾಡಬೇಕೆಂದು ತಿಮ್ಮಾಜಿಗೆ ತಿಳಿದಿತ್ತು, ಧೈರ್ಯವಿರಲಿಲ್ಲ. ಕಾಗದ ಹರಿದರೆ ಗತಿಯೇನು? ಮೂರು ವರ್ಷದವಳಿದ್ದಾಗಿನಿಂದ ತನಗಾಗಿ ಕಚ್ಚಿ ಕೊಟ್ಟವಳು ಅಕ್ಕ. ತಿಮ್ಮಾಜಿ ಅಕ್ಕನನ್ನು ಬಾಯಿಗೆ ಹಿಡಿದು, ಕಣ್ಣುಮುಚ್ಚಿ, ಕಿವಿಯ ತುದಿಯನ್ನು ಮೆಲ್ಲಗೆ ಕಚ್ಚಿದಳು.

ಮೊದಲು ಬಳೆಯ ಸದ್ದಾಯಿತು. ಆಮೇಲೆ ಕೈಗೆ ಭಾರ ಬಂತು. "ಯಾಕೇ ಕಚ್ಚಿದೆ, ನೋಯಲ್ವಾ?" ಎಂದು ಪಾರಕ್ಕ ಕಿವಿ ಹಿಡಿದುಕೊಂಡು ಎದ್ದು ನಿಂತಳು. ತಿಮ್ಮಾಜಿ ಅಕ್ಕನ ಸೊಂಟ ಅಪ್ಪಿಕೊಂಡು ಬಹಳ ಹೊತ್ತು ಬಿಡಲೇ ಇಲ್ಲ.

ಆಮೇಲೆ ಕೂತು ಊರನ್ನೆಲ್ಲ ಕಚ್ಚಿದಳು. ದವಡೆ ಸೋತಾಗ ಸಿದ್ದಜ್ಜ ಕೈಜೋಡಿಸಿದ. ರಾಜನ ಸರದಿ ಬಂದಾಗ ಕಚ್ಚಲೋ ಬೇಡವೋ ಎಂದು ತಿಮ್ಮಾಜಿ ಚೂರು ಹೊತ್ತು ಯೋಚಿಸಿದಳಂತೆ, ನಾನಾಗಿದ್ದರೆ ಇನ್ನೂ ಹೆಚ್ಚು ಯೋಚಿಸುತ್ತಿದ್ದೆ. ಊದಿದ ಕಿವಿ ಹಿಡಿದುಕೊಂಡೇ ಮಂಡಿಗೇರಾಯ ಹಳೆಯ ಆಜ್ಞೆಯನ್ನು ರದ್ದು ಮಾಡಿದ. ಹೊಸ ಅಚ್ಚುಗಳನ್ನೆಲ್ಲ ಕುಲುಮೆಗೆ ಹಾಕಿಸಿದ. ಕಣಕಾವತಿಯವರ ಕಿವಿಯಲ್ಲಿ ಇವತ್ತಿಗೂ ಒಂದು ಕಚ್ಚು ಇರುತ್ತದೆ. ನಡುವೆ ನಾಲಗೆ ಉಳಿದಿದ್ದರೆ ತಿಮ್ಮಾಜಿಯ ಪಾಲಿನವರು, ಬರೀ ತೂತಿದ್ದರೆ ಸಿದ್ದಜ್ಜನ ಪಾಲಿನವರು.

ಮರುದಿನ ಪಾರಕ್ಕ ಹಿಟ್ಟು ನಾದಿದಳು, ಹುದುಗು ಬರುವವರೆಗೆ ಕಾದಳು, ಬೆಂಕಿಯಲ್ಲಿ ಬೇಯಿಸಿದಳು. ತಿಮ್ಮಾಜಿ ಬನ್ನನ್ನು ಎತ್ತಿ ಮೂಸಿದಳು, ತಳ ನೋಡಿದಳು, ಅದುಮಿ ನೋಡಿದಳು. ಪಾರಕ್ಕ ಅದನ್ನು ಇಸಿದುಕೊಂಡು ಒಂದು ಚೂರು ಕಚ್ಚಿ, ಉಳಿದದ್ದನ್ನು ಮುಂದೆ ಚಾಚಿದಳು. ತಿಮ್ಮಾಜಿ ಮರುಮಾತಿಲ್ಲದೆ ಬಾಯಿ ತೆರೆದಳು.

ಹೀಗೆ ಅವರು ಅಲ್ಲಿ ಒಬ್ಬರ ಎಂಜಲು ಒಬ್ಬರು ತಿಂದುಕೊಂಡು ಸುಖವಾಗಿದ್ದರು. ನಾವು ಇಲ್ಲಿ ಕತೆ ಕೇಳಿ ಹೊಟ್ಟೆ ತುಂಬಿಸಿಕೊಂಡೆವು.