ದೋಣಿ ಫಾರಂನ ಆರನೇ ಕಾಲಂ

ದೇವರ ಗೂಡಿನಲ್ಲಿ ವಿಭೂತಿ ಗಟ್ಟಿ ಇತ್ತು. ಅದರ ಕೆಳಗಿಟ್ಟ ಫಾರಂ ಇರಲಿಲ್ಲ.

ಶಿಕಾರಿಪುರದ ರಾಜೇಶ್ವರಮ್ಮ ಇದನ್ನು ಕಂಡದ್ದು ೧೯೯೬ರ ಮೇ ತಿಂಗಳ ಒಂದು ಬುಧವಾರ, ಬೆಳಗಿನ ಪೂಜೆಗೆ ಕೂತಾಗ. ಎಂಟಕ್ಕೆ ಸೊರಬದ ನಮ್ಮ ಮನೆಗೆ ಫೋನ್ ಬಂತು. ಹತ್ತಕ್ಕೆ ನಾನು ಹುಚ್ಚರಾಯಪ್ಪ ಮಾವನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಅವರ ಅಂಗಳದಲ್ಲಿದ್ದೆ.

ಮಾವ ನಿವೃತ್ತ ಪೋಸ್ಟ್ ಮಾಸ್ಟರ್. ಮೂವತ್ತು ವರ್ಷ ದಾರಿ ತಪ್ಪಿದ ಕಾಗದ ಹುಡುಕಿದವರು. ಎರಡೂ ತಾಲ್ಲೂಕಿನಲ್ಲಿ ಏನು ಕಳೆದರೂ ಜನ ಪೊಲೀಸರಿಗಿಂತ ಮೊದಲು ಅವರನ್ನು ಕರೆಯುತ್ತಾರೆ. ನಾನು ಶ್ರೀನಾಥ, ಅವರ ಅಕ್ಕನ ಮಗ. ಸ್ಕೂಟರ್ ಇವನದು, ಬುದ್ಧಿ ನನ್ನದು ಎಂದು ಅವರು ಹೋದಲ್ಲೆಲ್ಲ ಹೇಳುತ್ತಾರೆ. ನಾನು ಸ್ಕೂಟರ್ ಸ್ಟಾರ್ಟ್ ಮಾಡುತ್ತೇನೆ.

"ಎಂಥ ಫಾರಂ ಅದು?" ಮಾವ ಕೇಳಿದರು.

"ಬೋಟಿಂದ್ರೀ. ಶರಾವತಿ ಹಿನ್ನೀರಿನ ದಂಡಿಗೆ ರೆಸಾರ್ಟ್ ಐತಂತೆ," ಎಂದರು ರಾಜೇಶ್ವರಮ್ಮ.

ಈ ಮನೆಯವರು ದೋಣಿ ವಿಹಾರಕ್ಕೆಂದು ಎರಡು ತಿಂಗಳಿಂದ ನೀರು ಹುಡುಕುತ್ತಿದ್ದರು. ಅಂಬ್ಲಿಗೊಳ ಜಲಾಶಯದಲ್ಲಿ ದೋಣಿಯಿಲ್ಲ, ಕಾಲುವೆಗೆ ನೀರು ಬಿಟ್ಟ ಮೇಲೆ ಬರೀ ಕೆಸರು. ಗುಡವಿಯಲ್ಲಿ ಕೆರೆಯಿದೆ, ಆದರೆ ಅದು ಹಕ್ಕಿಗಳದ್ದು. ಕೊನೆಗೆ ಉಳಿದದ್ದು ಎರಡು ರೆಸಾರ್ಟ್. ಕಡಲ ಕಡೆಯದರಲ್ಲಿ ಮೋಟಾರ್ ಬೋಟಿನಲ್ಲಿ ಕೈಕಟ್ಟಿ ಕೂರಬೇಕು. ಹಿನ್ನೀರಿನದರಲ್ಲಿ ತಾವೇ ಹುಟ್ಟು ಹಾಕಬೇಕು. ಒಂಬತ್ತು ವರ್ಷದ ಮೊಮ್ಮಗಳು ರಕ್ಷಿತಾ ಹಿನ್ನೀರೇ ಬೇಕೆಂದು ಹಠ ಹಿಡಿದಳು. ಅಜ್ಜನ ದೋಣಿಯಲ್ಲೇ ಕೂರುತ್ತೇನೆ ಎಂದಳು. ಶನಿವಾರ ಫಾರಂ ಬಂತು. ಮಂಗಳವಾರ ತುಂಬಿದರು. ಶುಕ್ರವಾರದೊಳಗೆ ಅಂಚೆಗೆ ಬೀಳದಿದ್ದರೆ ಈ ವರ್ಷ ಜಾಗವಿಲ್ಲ. ಇನ್ನೊಂದು ತರಿಸಲು ವಾರ ಬೇಕು.

ಆ ಹುಡುಗಿ ಕಂಬಕ್ಕೆ ಒರಗಿ ನಿಂತಿದ್ದಳು. ಅತ್ತು ಅತ್ತು ಮುಖ ಊದಿತ್ತು.

"ಗೂಡಿನಲ್ಲಿ ಇಟ್ಟಿದ್ದು ಯಾಕೆ?" ಮಾವ ರಾಜೇಶ್ವರಮ್ಮನವರನ್ನು ಕೇಳಿದರು.

"ಒಳ್ಳೆ ಕೆಲಸದ ಕಾಗದ ಒಂದು ರಾತ್ರಿ ವಿಭೂತಿ ಕೆಳಗೆ ಇರಬೇಕಲ್ರೀ. ಲಗ್ನಪತ್ರಿಕೆ, ಹಾಲ್ ಟಿಕೆಟ್, ಎಲ್ಲಾ ಹಂಗೇ ಇಟ್ಟೀನಿ."

"ನಿಮಗೆ ಆ ಜಾಗ ಒಪ್ಪಿಗೆಯಾ?"

"ಅಲ್ಲಿ ಮೀನೂ ಅದೇ ಒಲೆ ಮ್ಯಾಲೆ ಬೇಯಿಸ್ತಾರಂತೆ. ರೊಟ್ಟಿ ಕಟ್ಟಿಕೊಂಡೇ ಬರ್ತೀನಿ ಅಂದಿದ್ದೆ. ಅದಕ್ಕೆ ಯಾರಾರ ಕದೀತಾರಾ?" ಅವರ ಸಿಟ್ಟು ಬೇರೆ ಕಡೆ ಹರಿಯಿತು. "ಈ ಮನ್ಯಾಗೆ ಏನಿಟ್ರೂ ಉಳಿಯಂಗಿಲ್ಲ. ಹೀರೆ ಬೀಜ ತುಂಬಿಟ್ಟ ಎರಡು ಸೋರೆಬುರುಡೆ ಸೋಮವಾರದಿಂದ ಕಾಣ್ತಿಲ್ಲ. ಬೀಜ ಮಾತ್ರ ಹಳೇ ಟವೆಲಿನಾಗೆ ಗಂಟು ಕಟ್ಟಿ ಇಟ್ಟಾರೆ."

ಬೀಜ ಬಿಟ್ಟು ಬುರುಡೆ ಒಯ್ದ ಕಳ್ಳನನ್ನು ನೆನೆದು ನಾನು ನಕ್ಕೆ. ಮಾವ ನಗಲಿಲ್ಲ.

ಸೊಸೆ ವಾಣಿಶ್ರೀ ಬಂದಳು. "ಅತ್ತೆ ಸೀರೆ ಮ್ಯಾಲೆ ಲೈಫ್ ಜಾಕೆಟ್ ಹಾಕ್ಕಂಡ್ರೆ ಹೆಂಗೆ ಕಾಣ್ತಾರೆ ಅಂತ ನಕ್ಕಿದ್ದು ನಿಜ," ಎಂದಳು. "ನಾನು ಮಾಡಿದ್ದು ಅಷ್ಟೇ."

ಮಗ ಈಶ್ವರ್ ಮೋಟಾರ್ ಬೋಟಿನ ಪಕ್ಷ. ನನ್ನ ಅನುಮಾನವೆಲ್ಲ ಅವನ ಮೇಲೆ.

"ಫಾರಂ ಹೋದದ್ದು ನಿಮಗೆ ಅನುಕೂಲವೇ ಆಯ್ತಲ್ಲ?" ಮಾವ ಕೇಳಿದರು.

"ಅನುಕೂಲ ಎಲ್ಲಿಂದ್ರೀ? ಉಡುತಡಿ ಹೊಲದ ಹತ್ರ ಟ್ರಾನ್ಸ್‌ಫಾರ್ಮರ್ ಸುಟ್ಟೈತಿ. ಮೂರು ದಿನದಿಂದ ಪಂಪ್‌ಸೆಟ್ ತಿರುಗಿಲ್ಲ. ಕರೆಂಟ್ ಆಫೀಸಿಗೆ ಅಲೆಯೋದ್ರಾಗೇ ನನ್ನ ದಿನ ಹೋಗ್ತೈತಿ."

ಅಷ್ಟರಲ್ಲಿ ಮನೆಯ ಯಜಮಾನ ಶಿವಮೂರ್ತಪ್ಪ ಮೊಪೆಡ್ ನಿಲ್ಲಿಸಿ ಒಳಗೆ ಬಂದರು. ಐವತ್ತೆಂಟರ ಗಟ್ಟಿ ಆಳು. ಹೆಗಲ ಮೇಲೆ ಒದ್ದೆ ಟವೆಲ್. ಬಂದವರೇ ಎರಡು ಸಲ ಸೀನಿದರು.

"ಎಲ್ಲಿಂದ ಬಂದ್ರಿ?"

"ಉಡುತಡಿಯಿಂದ್ರೀ. ಪಂಪ್‌ಸೆಟ್ ನೋಡಾಕೆ ಹೋಗಿದ್ದೆ."

"ಫಾರಂ?"

"ಹೋದ್ರೆ ಹೋಗ್ಲಿ ಬಿಡ್ರಿ. ಮೋಟಾರ್ ಬೋಟಿಗೆ ಹೋದ್ರಾತು."

ಕಂಬದ ಹತ್ತಿರ ಮತ್ತೆ ಬಿಕ್ಕಿ ಅಳುವ ಸದ್ದು. ಶಿವಮೂರ್ತಪ್ಪ ಆ ಕಡೆ ನೋಡಲಿಲ್ಲ.

"ನಿಮಗೆ ಈಜು ಬರುತ್ತಾ?" ಮಾವ ಕೇಳಿದರು.

ಉತ್ತರ ಕೊಟ್ಟವಳು ರಕ್ಷಿತಾ. "ಆರನೇ ಕಾಲಂ ಅದೇ. 'ಈಜು ಬರುತ್ತದೆಯೇ?' ಅಜ್ಜಂದು ನಾನೇ ಬರ್ದೆ, 'ಬರುತ್ತದೆ, ಊರ ಕೆರೆ ದಾಟಿದ್ದಾರೆ' ಅಂತ. ಬರುತ್ತೆ ಅಂದೋರು ಅಲ್ಲಿ ಎಲ್ಲರ ಎದುರಿಗೆ ಈಜಿ ತೋರಿಸ್ಬೇಕು. ಅವರು ಒಂದು ಮಗೂನ ದೋಣ್ಯಾಗೆ ಕೂರಿಸ್ಕಬಹುದು. ಬರದಿದ್ರೆ ದಂಡೆ ಹತ್ರ ಮಕ್ಕಳ ದೋಣಿ."

"ಹದಿನಾರನೇ ವಯಸ್ಸಿಗೆ ದಾಟೀನ್ರೀ," ಎಂದರು ಶಿವಮೂರ್ತಪ್ಪ. ಮತ್ತೆ ಸೀನಿದರು.

ಮಾವ ಎದ್ದರು. "ಎಲ್ಲರೂ ಉಡುತಡಿಗೆ ಹೋಗೋಣ. ನಂಗೂ ಆ ಪಂಪ್‌ಸೆಟ್ ನೋಡ್ಬೇಕು."

"ಬಿಸ್ಲು ಐತ್ರೀ," ಎಂದರು ಶಿವಮೂರ್ತಪ್ಪ. ಆದರೆ ರಾಜೇಶ್ವರಮ್ಮ ಆಗಲೇ ಚಪ್ಪಲಿ ಮೆಟ್ಟಿದ್ದರು.

ಹೊಲದ ಬಾವಿ ತುಂಬಿತ್ತು. ಮೆಟ್ಟಿಲ ಕಲ್ಲಿಗೆ ಉದ್ದದ ಹಗ್ಗ ಕಟ್ಟಿತ್ತು. ಪಕ್ಕದ ಹೊಂಗೆ ಮರದ ಕೊಂಬೆಯಲ್ಲಿ ಎರಡು ಸೋರೆಬುರುಡೆಗಳು ಜೋಡಿಯಾಗಿ ನೇತಾಡುತ್ತಿದ್ದವು. ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

"ನನ್ನ ಬುರುಡೆ," ಎಂದರು ರಾಜೇಶ್ವರಮ್ಮ.

ಮಾವ ಬಾವಿಕಟ್ಟೆಯ ಮೇಲೆ ಕೂತರು. "ಎಲ್ಲರೂ ಕಾಗದ ಹುಡುಕಿದ್ರಿ. ಬುರುಡೆ ಯಾರೂ ಹುಡುಕಲಿಲ್ಲ. ಬೀಜ ಬೇಡ, ಖಾಲಿ ಬುರುಡೆ ಬೇಕು ಅಂದ್ರೆ ಯಾರಿಗೆ? ನಮ್ಮ ಕಡೆ ಮಕ್ಕಳು ಅದನ್ನ ಬೆನ್ನಿಗೆ ಕಟ್ಕೊಂಡೇ ಅಲ್ವಾ ಈಜು ಕಲಿಯೋದು? ಮನೇಲಿ ಕಲಿಯೋ ಮಗು ಒಂದೇ, ಅದು ಬೆಳಗಿನಿಂದ ಕಂಬ ಬಿಟ್ಟು ಕದಲಿರಲಿಲ್ಲ. ಹಾಗಾದ್ರೆ ಯಾರು? ಪಂಪ್‌ಸೆಟ್ಟಿಗೆ ಕರೆಂಟಿಲ್ಲ. ಅದನ್ನ ನೋಡಿ ಬಂದವರ ಟವೆಲ್ ಯಾಕೆ ಒದ್ದೆ?"

ಶಿವಮೂರ್ತಪ್ಪ ಟವೆಲನ್ನು ಹೆಗಲಿನಿಂದ ತೆಗೆದು ಕಂಕುಳಿಗೆ ಸೇರಿಸಿದರು.

"ಫಾರಂ ಕದ್ದವರು ಶಿವಮೂರ್ತಪ್ಪನವರು. ಈಜು ಬರಲ್ಲ, ಅದಕ್ಕೇ," ಎಂದರು ಮಾವ.

ಮಾವ ಒಂದು ಬುರುಡೆ ಅಲ್ಲಾಡಿಸಿದರು. ಒಳಗೆ ಸರಪರ ಸದ್ದು. ಬಾಯಿಗೆ ಮೆತ್ತಿದ್ದ ಮೇಣ ಕಿತ್ತು ತಲೆಕೆಳಗು ಮಾಡಿದರೆ ಸುರುಳಿ ಸುತ್ತಿದ ಫಾರಂ ಜಾರಿ ಬಂತು. ಒಂದು ಹನಿಯೂ ಒದ್ದೆಯಾಗಿರಲಿಲ್ಲ. ಮೂಲೆಗೆ ಒಂದು ಹೀರೆ ಬೀಜ ಅಂಟಿತ್ತು.

"ಒಲೆಗೆ ಹಾಕಬಹುದಿತ್ತಲ್ಲ?" ನಾನು ಕೇಳಿದೆ.

"ವಿಭೂತಿ ಕೆಳಗಿನ ಕಾಗದ ಹೆಂಗ್ರೀ ಸುಡೋದು?" ಶಿವಮೂರ್ತಪ್ಪನವರ ದನಿ ಸಣ್ಣಗಾಗಿತ್ತು. "ಶುಕ್ರವಾರದೊಳಗೆ ಕಲಿತ್ರೆ ತಿರುಗಿ ಅಲ್ಲೇ ಇಡಾಣ ಅಂತಿದ್ದೆ. ಮನ್ಯಾಗೆ ಬಚ್ಚಿಟ್ರೆ ಇವಳಿಗೆ ಸಿಗ್ತಿತ್ತು."

"ನನ್ನ ನೋಡಾಕೆ ಬಂದಾಗ ಮೊದಲು ಹೇಳಿದ್ದೇ ಆ ಕೆರೆ ಮಾತು," ಎಂದರು ರಾಜೇಶ್ವರಮ್ಮ. "ಮೂವತ್ನಾಲ್ಕು ವರ್ಷ ಆತು."

ರಕ್ಷಿತಾ ಅಜ್ಜನ ಎದುರು ಬಂದು ನಿಂತಳು. "ಕೆರೆ ದಾಟಿದ್ದು ಸುಳ್ಳಾ?"

ಕಳ್ಳತನ ಬಯಲಾದಾಗಲೂ ತಗ್ಗದ ತಲೆ ಈಗ ತಗ್ಗಿತು. ನನಗೆ ಅವರ ಮುಖ ನೋಡಲಾಗಲಿಲ್ಲ.

"ಸುಳ್ಳಲ್ಲವ್ವ. ದಾಟೀನಿ." ಟವೆಲಿನಿಂದ ಮೂಗು ಒರೆಸಿಕೊಂಡರು. "ಮುಂದೆ ಎಮ್ಮೆ ಇತ್ತು. ನಾನು ಬಾಲ ಹಿಡ್ಕಂಡಿದ್ದೆ."

ಈಶ್ವರ್ ಆ ಕಡೆ ತಿರುಗಿದ. ಅವನ ಹೆಗಲು ಕುಲುಕುತ್ತಿತ್ತು. ರಕ್ಷಿತಾ ನಗಲಿಲ್ಲ. ಮಾವನ ಜೇಬಿನಿಂದ ಪೆನ್ನು ತೆಗೆದುಕೊಂಡಳು, ಫಾರಂ ಅನ್ನು ಬಾವಿಕಟ್ಟೆಯ ಮೇಲೆ ಹರಡಿ ಏನೋ ಬರೆದಳು. ಬರೆದು ಮಾವನ ಕೈಗೆ ಕೊಟ್ಟಳು.

ಸಂಜೆಯ ಟಪಾಲಿಗೆ ಹಾಕುವ ಮುನ್ನ ಮಾವ ಅದನ್ನು ನನಗೆ ತೋರಿಸಿದರು. ಆರನೇ ಕಾಲಂನಲ್ಲಿ "ಬರುತ್ತದೆ" ಎಂಬುದನ್ನು ಮಾತ್ರ ಹೊಡೆದುಹಾಕಿದ್ದಳು. "ಊರ ಕೆರೆ ದಾಟಿದ್ದಾರೆ" ಹಾಗೇ ಇತ್ತು. ಅದರ ಕೆಳಗೆ ದುಂಡಗಿನ ಅಕ್ಷರದಲ್ಲಿ ಹೊಸದಾಗಿ ಬರೆದಿದ್ದಳು:

"ಎಮ್ಮೆ ಜೊತೆ. ಅಜ್ಜನನ್ನು ನನ್ನ ಜೊತೆ ಮಕ್ಕಳ ದೋಣಿಗೆ ಹಾಕಿ. ಹುಟ್ಟು ನಾನು ಹಾಕುತ್ತೇನೆ."