ರಾವ್ನಾಳ ಗಾಡಿಯ ನಾಲ್ಕು ಚಕ್ರ

“ಜಗ್ಗು ಓವ್ಲಾ, ಇನ್ನೂ ಜಗ್ಗು! ಬಿಟ್ಟೆ ಅಂದ್ರೆ ನನ್ನ ಮೂಗು ಇಲ್ಲೇ ಉಳಿಯುತ್ತೆ!”

ಹಿಮದ ಮೇಲೆ ಓಡುವ ಸ್ನೋಮೊಬೈಲಿನ ಹಿಂಭಾಗ ದಿಮ್ಮಿಯ ಮೇಲೆ ಕೂತಿತ್ತು. ಜೋಲುತ್ತಿದ್ದ ರಬ್ಬರ್ ಪಟ್ಟೆಯನ್ನು ನಾನು ಕೆಳಕ್ಕೆ ಜಗ್ಗಿ ಹಿಡಿದಿದ್ದೆ. ಗಾರೆನಕ್ಕ ಶೆಡ್ಡಿನ ನೆಲದ ಮೇಲೆ ಒರಗಿಕೊಂಡು ಪಟ್ಟೆಯ ಸಂದಿಯಲ್ಲಿ ಮುಖ ತೂರಿಸಿದ್ದಳು. ಮೂವತ್ತು ವರ್ಷ ಊರಿನ ಸೂಲಗಿತ್ತಿಯಾಗಿದ್ದವಳು ಅವಳು. ಈಗ ಏನು ಕಳೆದರೂ ಜನ ಮೊದಲು ಅವಳ ಬಾಗಿಲನ್ನೇ ಬಡಿಯುತ್ತಾರೆ. ಅವಳಿಗೆ ಗಾಡಿ ಓಡಿಸಲು ಬಾರದು. ಹನ್ನೊಂದು ವರ್ಷದಿಂದ ನಾನೇ ಸಾರಥಿ.

“ಪಟ್ಟೆ ಒಳಗಿನ ಎಂಟು ಚಕ್ರದಲ್ಲಿ ನಾಲ್ಕು ಇಲ್ಲ. ಹಲ್ಲು ಬಿದ್ದ ಬಾಯಿ ಇದ್ದಂಗಿದೆ.”

“ಹಲ್ಲು ಕಿತ್ತೋಳು ನಾನೇ. ಹೊಸ ಹಲ್ಲು ಎತ್ತಿಕೊಂಡು ಹೋದೋರು ಯಾರು ಅಂತ ಹೇಳು,” ಎಂದಳು ಗಾಡಿಯ ಒಡತಿ ರಾವ್ನಾ.

ರಾವ್ನಾಗೆ ಅರವತ್ತೆರಡು. ಮರುದಿನ ಬೆಳಗಿನ ಜಾವ, ಹಿಮ ಇನ್ನೂ ಗಟ್ಟಿಯಾಗಿರುವಾಗಲೇ, ಹಿಮಸಾರಂಗಗಳ ಹಿಂಡು ಕಡಲ ಕಡೆಗೆ ಹೊರಡುವುದಿತ್ತು, ಅದರ ಹಿಂದೆ ಗಾಡಿಯಲ್ಲಿ ಅವಳೂ. ಅವಳ ಗಾಡಿಯ ಹಳೆಯ ಚಕ್ರಗಳ ರಬ್ಬರ್ ಸುಲಿದು, ಬೇರಿಂಗ್ ಸಿಕ್ಕಿಕೊಂಡು, ಒಂದು ಬದಿ ಚಪ್ಪಟೆಯಾಗಿ ಸವೆದಿತ್ತು. ಅವುಗಳ ಮೇಲೆ ಹೊರಟರೆ ಹತ್ತು ಕಿಲೋಮೀಟರಿಗೇ ಗಾಡಿ ನಿಲ್ಲುತ್ತಿತ್ತು. ಬೆಳಿಗ್ಗೆ ಅವುಗಳನ್ನು ಬಿಚ್ಚಿ, ಹೊಸ ಚಕ್ರಗಳ ಪೆಟ್ಟಿಗೆಯನ್ನು ಗಾಡಿಯ ಪಕ್ಕ ನೆಲದ ಮೇಲಿಟ್ಟು, ಜಾರುಬಂಡಿ ಕಟ್ಟಲು ಬೇಲಿಯ ಹತ್ತಿರ ಹೋಗಿದ್ದಳು. ಎರಡು ಗಂಟೆ ಬಿಟ್ಟು ಬಂದರೆ ಪೆಟ್ಟಿಗೆ ಖಾಲಿ. ಅಂದು ಶನಿವಾರ, ಪೇಟೆ ಕೌಟೊಕೇನೊದಲ್ಲಿ ಗಾಡಿಯ ಬಿಡಿಭಾಗದ ಅಂಗಡಿಗಳು ಸೋಮವಾರದವರೆಗೆ ತೆರೆಯುವಂತಿರಲಿಲ್ಲ.

“ಪೆಟ್ಟಿಗೆ ಆ ಮೇಜಿನ ಹತ್ರಾನೇ ಇತ್ತಾ?” ಗಾರೆನಕ್ಕ ಎದ್ದು ಸೊಂಟ ನೀವಿಕೊಂಡಳು.

“ಇಲ್ಲ, ಗಾಡಿ ಪಕ್ಕ ಇಟ್ಟಿದ್ದೆ. ಈಗ ನೋಡಿದ್ರೆ ಮೇಜಿನ ಹತ್ರ ಇದೆ.”

ನೆಲದ ಮೇಲಿನ ಮರದ ಹೊಟ್ಟಿನಲ್ಲಿ ಪೆಟ್ಟಿಗೆ ಎಳೆದ ಗೆರೆ ಉದ್ದಕ್ಕೂ ಇತ್ತು. ಪೆಟ್ಟಿಗೆಯ ಅಂಚಿನಲ್ಲಿ ಬೂದು ಕಲೆ. ಗಾರೆನಕ್ಕ ಬೆರಳಿನಿಂದ ಒರೆಸಿ ಮೂಸಿದಳು, ನನ್ನ ಮೂಗಿಗೂ ಹಿಡಿದಳು. ಬೂದಿ.

“ಬೋಲ್ಟುಗಳು?”

“ಅದೇ ವಿಚಿತ್ರ. ಕಾಫಿ ಡಬ್ಬಿಗೆ ಸುಮ್ಮನೆ ಎಸೆದು ಹೋಗಿದ್ದೆ, ಮೇಜಿನ ಮೇಲೆ. ಈಗ ನೋಡು.”

ಮೇಜಿನ ಮೇಲಿನ ಮೊಳೆಗೆ ಕೆಂಪು ಉಣ್ಣೆಯ ದಾರ ನೇತಾಡುತ್ತಿತ್ತು. ಅದರಲ್ಲಿ ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ಸಾಲಾಗಿ ಬೋಲ್ಟುಗಳು, ಪ್ರತಿಯೊಂದರ ಜೊತೆ ಅದರದೇ ವಾಷರ್. ಎಲ್ಲಕ್ಕೂ ತೆಳ್ಳಗೆ ಗ್ರೀಸ್ ಸವರಿತ್ತು.

“ಇಂಥ ಅಚ್ಚುಕಟ್ಟಿನ ಕಳ್ಳ ನನ್ನ ಮನೆಗೂ ಬರಲಿ,” ಅಂದೆ ನಾನು. ಗಾರೆನಕ್ಕ ನಗಲಿಲ್ಲ.

ರಾವ್ನಾಗೆ ಇಬ್ಬರ ಮೇಲೆ ಅನುಮಾನವಿತ್ತು. ಒಬ್ಬ ನೆರೆಮನೆಯ ಸಾಮ್ಮೊಲ್. ಅವನದೂ ಅದೇ ಗಾಡಿ. ಚಳಿಗಾಲವಿಡೀ ಚಕ್ರ ಸವೆದಿದೆ ಎಂದು ಗೊಣಗಿದ್ದ. ಇನ್ನೊಬ್ಬ ಅಕ್ಕನ ಮಗ ಮಿಕ್ಕೆಲ್, ಈ ಸಲದ ವಲಸೆಯ ಮುಂದಾಳು. “ಚಿಕ್ಕಮ್ಮ, ಈ ವರ್ಷ ಮನೇಲಿ ಇರು” ಎಂದು ಎಲ್ಲರೆದುರು ಹೇಳಿದ್ದ. ಆದರೆ ಬೆಳಗಿನಿಂದ ಅವನು ಬೇಲಿಯ ಬಳಿ ಅವಳ ಪಕ್ಕದಲ್ಲೇ ಹಗ್ಗ ಬಿಗಿಯುತ್ತಿದ್ದ. ಹೀಗಾಗಿ ನಾವು ಸಾಮ್ಮೊಲ್‌ನ ಅಂಗಳಕ್ಕೆ ಹೋದೆವು. ಅವನ ಗಾಡಿಯಲ್ಲಿ ಹೊಸ ಚಕ್ರಗಳಿದ್ದವು! ನಾನು ಗೆದ್ದವನಂತೆ ಗಾರೆನಕ್ಕನ ಮುಖ ನೋಡಿದೆ. ಅವಳು ರಬ್ಬರಿನ ಮೇಲೆ ಉಗುರು ಎಳೆದಳು. ಪಟ್ಟೆ ಉಜ್ಜಿದ ಗೆರೆಗಳು ಸುತ್ತಲೂ ಇದ್ದವು.

“ನೂರು ಕಿಲೋಮೀಟರಾದರೂ ಓಡಿವೆ. ಹೋಗಿ ಅವನನ್ನ ಊಟಕ್ಕೆ ಕರಿ. ಮಿಕ್ಕೆಲ್‌ನೂ ಬರಲಿ.”

ಮಧ್ಯಾಹ್ನ ರಾವ್ನಾಳ ಅಡುಗೆಮನೆಯಲ್ಲಿ ಆರು ಜನ ಸೇರಿದೆವು. ಅವಳ ಗಂಡ ಆಸ್ಲಾಕ್ ಒಲೆಯ ಮುಂದಿದ್ದ. ಜನವರಿಯಲ್ಲಿ ಸೊಂಟದ ಕೀಲು ಬದಲಾಯಿಸಿಕೊಂಡು, ಇನ್ನೂ ಒಂದು ಊರುಗೋಲಿನ ಮೇಲೆ ನಿಂತೇ ಎಲ್ಲ ಕೆಲಸ ಮಾಡುತ್ತಿದ್ದ. ನಮಗೆಲ್ಲ ಹುರಿದ ಮೀನು ಬಡಿಸಿದ.

“ಮೀನಾ?” ರಾವ್ನಾ ತಟ್ಟೆ ನೋಡಿದಳು. “ಹೊರಡೋ ಮುಂಚಿನ ದಿನ ಮಜ್ಜೆ ಮೂಳೆ ಬೇಯದ ಮನೆ ನಮ್ಮದೊಂದೇ ಇರ್ಬೇಕು.”

“ಹೆಪ್ಪುಗಟ್ಟಿದ ಮಾಂಸ ಇನ್ನೂ ಕರಗಿರಲಿಲ್ಲ,” ಎಂದ ಆಸ್ಲಾಕ್.

ಗಾರೆನಕ್ಕ ಎರಡು ಮೀನು ತಿಂದು, ಕಾಫಿಗೆ ಗಿಣ್ಣಿನ ತುಂಡು ಹಾಕಿಕೊಂಡು ಕುಡಿದು, ಆಮೇಲೆ ಬಾಯಿ ಬಿಟ್ಟಳು.

“ಸಾಮ್ಮೊಲ್, ನಿನ್ನದು ಬೇರೆ ಚಕ್ರ. ನಿಂದು ತಪ್ಪಿಲ್ಲ.”

“ನನ್ನ ಗಾಡಿ ಕೆಳಗೆ ನುಗ್ಗೋ ಮುಂಚೆ ಒಂದು ಮಾತು ಕೇಳಬಾರ್ದಿತ್ತಾ?”

“ಕೇಳಿದ್ರೆ ನೀನು ಒಂದು ಗಂಟೆ ಮಾತಾಡ್ತಿದ್ದೆ. ಈಗ ಕೇಳು. ಕಳ್ಳ ಪೆಟ್ಟಿಗೆ ಎತ್ತಲಿಲ್ಲ, ಕೊಕ್ಕೆ ಹಾಕಿ ಎಳೆದ. ಮೇಜು ಹಿಡಿದು ನಿಂತು, ಚಕ್ರದ ನಡುವಿನ ತೂತಿಗೆ ಅದೇ ಕೊಕ್ಕೆ ಸಿಕ್ಕಿಸಿ ಒಂದೊಂದನ್ನೇ ಮೇಲಕ್ಕೆ ತಗೊಂಡ. ಬಗ್ಗೋಕಾಗದೋನು. ಕೊಕ್ಕೆಗೆ ಬೂದಿ ಅಂಟಿತ್ತು. ಅಂದ್ರೆ ಅದು ಒಲೆಯ ಕೊಕ್ಕೆ.”

ಆಸ್ಲಾಕ್ ತಿರುಗದೆ ಒಲೆಯನ್ನೇ ಒರೆಸುತ್ತಿದ್ದ.

“ಇನ್ನು ಬೋಲ್ಟು. ಗಾಡಿ ನಿಲ್ಲಿಸೋಕೆ ಬಂದೋನು ಎರಡು ಬೋಲ್ಟನ್ನ ಹಿಮಕ್ಕೆ ಎಸೆದಿದ್ರೆ ಸಾಕಿತ್ತು. ಇವನು ಒಂದು ವಾಷರ್ ಕೂಡ ಹಿಂದುಮುಂದಾಗದ ಹಾಗೆ ಪೋಣಿಸಿ, ಗ್ರೀಸ್ ಹಚ್ಚಿ ಇಟ್ಟ. ಅವಳು ಹೋಗಬಾರದು ಅಂತಾನೂ ಇತ್ತು. ಹೋದರೆ ದಾರೀಲಿ ಏನೂ ಕಳಚಿ ಬೀಳಬಾರದು ಅಂತಾನೂ ಇತ್ತು. ಓವ್ಲಾ, ಮೂಳೆ ಬೇಯಿಸೋ ಆ ದೊಡ್ಡ ಪಾತ್ರೆ ಇವತ್ತು ಯಾಕೆ ಒಲೆಗೆ ಏರಲಿಲ್ಲ, ಮುಚ್ಚಳ ತೆಗೆದು ನೋಡು.”

ಪಾತ್ರೆ ಕಿಟಕಿಯ ಕಟ್ಟೆಯ ಮೇಲಿತ್ತು. ತೆಗೆದೆ. ಒಳಗೆ ಟವೆಲಿನಲ್ಲಿ ಸುತ್ತಿದ ನಾಲ್ಕು ಚಕ್ರಗಳು ಒಂದರ ಮೇಲೊಂದು ಕೂತಿದ್ದವು.

ಮಿಕ್ಕೆಲ್ ಮೀನಿನ ಮುಳ್ಳುಗಳನ್ನು ತಟ್ಟೆಯ ಅಂಚಿಗೆ ಜೋಡಿಸತೊಡಗಿದ.

“ಮೂವತ್ತೆಂಟು ವರ್ಷ,” ರಾವ್ನಾಳ ದನಿ ಸಣ್ಣದಾಯಿತು. “ಜೊತೇಲೇ ಹೋಗಿದ್ದೀವಿ. ನಾನು ದಾರಿ ತಪ್ತೀನಿ ಅಂತ ಹೆದರಿಕೆಯಾ ನಿನಗೆ?”

“ಇಲ್ಲ,” ಎಂದ ಆಸ್ಲಾಕ್. ಒರೆಸುತ್ತಿದ್ದ ಬಟ್ಟೆಯನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. “ದಾರಿ ತಪ್ಪಲ್ಲ ನೀನು. ನಾನಿಲ್ದೇನೂ ಚೆನ್ನಾಗೇ ಹೋಗಿ ಸೇರ್ತೀಯ. ಅದೇ ತಡ್ಕೊಳ್ಳೋಕಾಗಲಿಲ್ಲ.”

“ಕೋಡು ಉದುರಿದ ಮುದಿ ಸಾರಂಗ!” ಅವಳು ಎದ್ದು ಹೋಗಿ ಅವನ ಅಂಗಿಯ ಕಾಲರು ಹಿಡಿದಳು. ಹೊಡೆಯುತ್ತಾಳೇನೋ ಅಂದುಕೊಂಡೆ. ಕಾಲರು ಸರಿಮಾಡಿ ಬಿಟ್ಟಳು. “ಬಾಯಿಬಿಟ್ಟು ಹೇಳೋಕೆ ಏನಾಗಿತ್ತು?”

“ಹೇಳಿದ್ರೆ ನೀನು ಉಳ್ಕೋತಿದ್ದೆ.”

“ಕದ್ದರೂ ಉಳ್ಕೋತಿದ್ದೆನಲ್ಲೋ!”

“ಆಗ ಅದು ಚಕ್ರದ ತಪ್ಪಾಗ್ತಿತ್ತು.”

ಗಾರೆನಕ್ಕ ಕಿಟಕಿಯ ಕಡೆ ತಿರುಗಿ ಮೂಗು ಒರೆಸಿಕೊಂಡಳು. ರಾವ್ನಾ ಚಕ್ರಗಳನ್ನು ಮೇಜಿನ ಮೇಲಿಟ್ಟು, ಬಕೆಟ್ಟಿನಿಂದ ಪಾತ್ರೆಗೆ ನೀರು ಸುರಿದಳು. ಅಕ್ಕನ ಮಗನ ಕಡೆ ನೋಡದೆಯೇ ಹೇಳಿದಳು: “ಮಿಕ್ಕೆಲ್, ನಾಳೆ ನೀವು ಹೊರಡಿ. ಹಿಂಡಿನ ಹಿಂದೆ ಬೇರೆ ಯಾರನ್ನಾದ್ರೂ ಹಾಕ್ಕೋ. ನಾನು ಈ ಸಲ ಇಲ್ಲೇ ಇರ್ತೀನಿ. ಆಸ್ಲಾಕ್, ಮೂಳೆ ತೆಗಿ. ಇಬ್ಬರೂ ಕೂತು ತಿನ್ನೋಣ. ನಿನಗೆ ಬೇಕಾಗಿದ್ದು ಅದೇ ತಾನೇ?”

ಆಸ್ಲಾಕ್ ಊರುಗೋಲು ಊರಿಕೊಂಡು ಮೇಜಿನ ಹತ್ತಿರ ಬಂದ. ಒಂದು ಚಕ್ರ ಎತ್ತಿಕೊಂಡು ನಡುವಿಗೆ ಬೆರಳು ತೂರಿಸಿ ತಿರುಗಿಸಿದ. ಅದು ಸದ್ದಿಲ್ಲದೆ ಬಹಳ ಹೊತ್ತು ತಿರುಗಿತು. ಅದನ್ನು ಹೆಂಡತಿಯ ಒದ್ದೆ ಕೈಗಿಟ್ಟ.

“ಬೇಡ, ಹೋಗಿ ಬಾ,” ಎಂದ.